ಸೊಕ್‌ಪಾಜಂಗ್ ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ಗೆ ಬರುವ ಗೆಳೆಯರು, ನೆಂಟರು, ಅವರ ಪರಿಚಯದವರು ಎಲ್ಲರಿಗೂ ನಾನು ಒಂದೇ ಜಾಗ ಹೇಳುತ್ತೇನೆ. ದೊಡ್ಡ ಅರಮನೆ ನೋಡಿ, ಬೇಡ ಅನ್ನುವುದಿಲ್ಲ. ಆದರೆ ಅರ್ಧ ದಿನ ಉಳಿಸಿಕೊಂಡು ಬುಆಮ್‌ದೊಂಗ್‌ನ ಸೊಕ್‌ಪಾಜಂಗ್‌ಗೆ ಹೋಗಿ ಬನ್ನಿ. ಹೀಗೆ ಹೇಳಿದ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಇದು ಮ್ಯೂಸಿಯಮ್ಮೋ, ಹಳೇ ಮನೆಯೋ?

ಎರಡೂ ಹೌದು. ರಸ್ತೆಯಿಂದ ನೋಡಿದರೆ ಕಾಣುವುದು ಇಂದಿನ ಕಾಲದ ಕಟ್ಟಡ. ಅದು 2012ರ ಆಗಸ್ಟ್‌ನಲ್ಲಿ ತೆರೆದ ಸೋಲ್ ಮ್ಯೂಸಿಯಂ ಎಂಬ ಖಾಸಗಿ ಕಲಾ ಸಂಗ್ರಹಾಲಯ. ಅದರ ಮಹಡಿಗಳನ್ನು ಹತ್ತಿ, ಮೇಲಿನ ಬಾಗಿಲು ದಾಟಿ ಹೊರಗೆ ಕಾಲಿಟ್ಟರೆ ಇನ್ನೂರು ವರ್ಷ ಹಿಂದಕ್ಕೆ ಹೋದ ಹಾಗೆ: ಹೆಂಚಿನ ಮನೆಗಳು, ಹಳ್ಳ, ಬಂಡೆ, ಪೈನ್ ಮರಗಳು, ಹಿಂದೆ ಇನ್ವಾಂಗ್‌ಸಾನ್ ಬೆಟ್ಟ. ಕೊರಿಯಾವನ್ನು ಆಳಿದ ಜೋಸನ್ ರಾಜವಂಶದ ಕೊನೆಗಾಲದ ತೋಟದ ಮನೆ ಇದು. ಸೋಲ್ ನಗರ 1974ರಲ್ಲಿ ಇದನ್ನು ಸಂರಕ್ಷಿತ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಂದು ಎಚ್ಚರಿಕೆ. 'ಸೋಲ್ ಮ್ಯೂಸಿಯಂ' ಎಂದು ಟ್ಯಾಕ್ಸಿಯವರಿಗೆ ಹೇಳಿದರೆ ನಗರಸಭೆಯ ಹತ್ತಿರ ಇರುವ ಸರ್ಕಾರಿ ಕಲಾ ಸಂಗ್ರಹಾಲಯಕ್ಕೋ, ನಗರದ ಇತಿಹಾಸದ ಮ್ಯೂಸಿಯಂಗೋ ಕರೆದೊಯ್ದಾರು. ಹೆಸರುಗಳು ಅಷ್ಟು ಹತ್ತಿರ. 'ಸೊಕ್‌ಪಾಜಂಗ್' ಅನ್ನಿ, ಗೊಂದಲವಾಗುವುದಿಲ್ಲ.

ಆ ಹೆಸರಿಗೆ ಅರ್ಥವೇನು?

'ಸೊಕ್' ಎಂದರೆ ಕಲ್ಲು, 'ಪಾ' ಎಂದರೆ ಗುಡ್ಡದ ಇಳಿಜಾರು, 'ಜಂಗ್' ಎಂದರೆ ಮಂಟಪ. ಸುತ್ತಲೂ ಬಂಡೆ ಇರುವ ಜಾಗಕ್ಕೆ ತಕ್ಕ ಹೆಸರು. ಇದು ಮೊದಲಿನ ಹೆಸರಲ್ಲ. ಮನೆಯ ಪಕ್ಕದ ಬಂಡೆಯ ಮೇಲೆ 'ಸಾಮ್‌ಗ್ಯೆದೊಂಗ್' ಎಂದು ಚೀನೀ ಅಕ್ಷರಗಳಲ್ಲಿ ಕೆತ್ತಿದ್ದಾರೆ, ಮೂರು ಹಳ್ಳಗಳ ಕಣಿವೆ ಎಂದರ್ಥ. ಮನೆಯ ಹಳೆಯ ಹೆಸರು ಬಂದದ್ದು ಅದರಿಂದ. ಮನೆ ಕೈ ಬದಲಾಯಿಸಿದಾಗ ಹೆಸರೂ ಬದಲಾಯಿತು. ಹೊಸ ಒಡೆಯ ದೇವೊನ್‌ಗುನ್ (ಅವನ ಕಥೆ ಮುಂದಿದೆ) 'ಸೊಕ್‌ಪಾ' ಎಂಬುದನ್ನು ತನ್ನ ಕಾವ್ಯನಾಮವನ್ನಾಗಿಯೂ ಮಾಡಿಕೊಂಡ. ತನ್ನ ಮನೆಯ ಹೆಸರನ್ನೇ ತನ್ನ ಚಿತ್ರಗಳ ಮೇಲೆ ಬರೆದುಕೊಂಡ ಮನುಷ್ಯ ಅವನು.

ಇದಕ್ಕೂ ಹಳೆಯ ಬರಹವೊಂದು ಅದೇ ಕಣಿವೆಯ ಬಂಡೆಯ ಮೇಲಿದೆ. 'ನೀರಿನಲ್ಲಿ ಗೂಡು ಕಟ್ಟಿ, ಮೋಡವನ್ನೇ ತೆರೆಯಾಗಿ ಇಳಿಬಿಟ್ಟ ಕುಟೀರ' ಎಂಬ ಅರ್ಥದ ಸಾಲು, 1721ರದ್ದು. ಕ್ವೊನ್ ಸಾಂಗ್‌ಹಾ ಎಂಬ ವಿದ್ವಾಂಸ ಗೆಳೆಯನೊಬ್ಬನಿಗೆ ಬರೆದುಕೊಟ್ಟದ್ದು. ಈಗಿನ ಮನೆ ಏಳುವ ಮೊದಲೇ ಈ ನೀರಿನ ಪಕ್ಕ ಕೂತು ಸುಖಪಟ್ಟವರು ಇದ್ದರು ಎನ್ನುವುದಕ್ಕೆ ಆ ಬಂಡೆಯೇ ಸಾಕ್ಷಿ. ಗೈಡ್‌ಗಳು ಅದನ್ನು ಬೇಗ ದಾಟಿಬಿಡುತ್ತಾರೆ. ನೀವು ಅಲ್ಲಿ ಒಂದು ಗಳಿಗೆ ನಿಲ್ಲಿ.

ರಾಜ ಒಂದು ರಾತ್ರಿ ಉಳಿದದ್ದಕ್ಕೆ ಮನೆ ಕೈತಪ್ಪಿತಂತೆ, ನಿಜವೇ?

ಎಲ್ಲರೂ ಮೊದಲು ಕೇಳುವುದೇ ಇದನ್ನು. ಮನೆಯನ್ನು ಇಟ್ಟುಕೊಂಡಿದ್ದವನು ಕಿಮ್ ಹುಂಗ್‌ಗುನ್, ಚೊಲ್‌ಜೊಂಗ್ ದೊರೆಯ ಕಾಲದಲ್ಲಿ ಪ್ರಧಾನ ಮಂತ್ರಿಯ ಪದವಿಗೇರಿದವನು. ಆಂದೊಂಗ್ ಕಿಮ್ ಮನೆತನದವನು. ಆ ಮನೆತನ ಹೆಣ್ಣು ಕೊಟ್ಟು ರಾಜರನ್ನು ಅಳಿಯಂದಿರನ್ನಾಗಿ ಮಾಡಿಕೊಂಡು ಸುಮಾರು ಅರವತ್ತು ವರ್ಷ ದೇಶವನ್ನು ಮುಷ್ಟಿಯಲ್ಲಿ ಇಟ್ಟುಕೊಂಡಿತ್ತು.

1864ರ ಜನವರಿಯಲ್ಲಿ ಚೊಲ್‌ಜೊಂಗ್ ಗಂಡು ವಾರಸುದಾರನಿಲ್ಲದೆ ತೀರಿಕೊಂಡ. ಹಿರಿಯ ರಾಜಮಾತೆ ಜೋ ಯಾರೂ ಎಣಿಸದ ಕಡೆ ಬೆರಳು ತೋರಿಸಿದಳು. ರಾಜವಂಶದ ಬಡ ಕವಲಿನ ಯೀ ಹಾ‌ಉಂಗ್ ಎಂಬವನ ಎರಡನೆಯ ಮಗ, ಹನ್ನೊಂದು ವರ್ಷದ ಹುಡುಗ, ಸಿಂಹಾಸನ ಏರಿದ. ಅವನೇ ಗೋಜೊಂಗ್. ಅಪ್ಪನಿಗೆ 'ದೇವೊನ್‌ಗುನ್' ಎಂಬ ಬಿರುದು ಸಿಕ್ಕಿತು. ರಾಜನಾಗದೆಯೇ ರಾಜನ ತಂದೆಯಾದವನು ಎಂದು ಅದರ ಅರ್ಥ. ಕಿಮ್ ಮನೆತನದ ಕಾಲ ಅಲ್ಲಿಗೆ ಮುಗಿಯಿತು.

ಮುಂದಿನದನ್ನು ಆ ಕಾಲದವನೇ ಆದ ವಿದ್ವಾಂಸ ಹ್ವಾಂಗ್ ಹ್ಯೊನ್ ಬರೆದಿಟ್ಟಿದ್ದಾನೆ. ದೇವೊನ್‌ಗುನ್‌ಗೆ ಈ ಮನೆಯ ಮೇಲೆ ಕಣ್ಣು. ಮಾರುತ್ತೀಯಾ ಎಂದು ಕೇಳಿದ. ಕಿಮ್ ಒಪ್ಪಲಿಲ್ಲ. ಹಾಗಾದರೆ ಒಂದು ದಿನದ ಮಟ್ಟಿಗಾದರೂ ಬಿಟ್ಟುಕೊಡು ಎಂದ. ತೋಟ, ಮಂಟಪ ಇರುವವರು ಕೇಳಿದವರಿಗೆ ಒಂದು ದಿನ ಬಿಟ್ಟುಕೊಡುವುದು ಸೋಲ್‌ನ ಹಳೆಯ ಮರ್ಯಾದೆ, ಇಲ್ಲ ಅನ್ನಲಾಗಲಿಲ್ಲ. ದೇವೊನ್‌ಗುನ್ ಮಗನನ್ನು, ಅಂದರೆ ಆಳುವ ದೊರೆಯನ್ನು, ಕರೆದುಕೊಂಡು ಬಂದ. ದೊರೆ ತಂಗಿದ ಜಾಗದಲ್ಲಿ ಪ್ರಜೆ ವಾಸ ಮಾಡಬಾರದು ಎಂಬ ನಡವಳಿಕೆ ಇತ್ತು. ಕಿಮ್ ಮತ್ತೆ ಈ ಕಡೆ ಬರಲಿಲ್ಲ. ಮನೆ ದೇವೊನ್‌ಗುನ್‌ನದಾಯಿತು.

ನಡೆದದ್ದು ಅಕ್ಷರಶಃ ಹೀಗೆಯೇ ಎಂದು ನಾನು ಪ್ರಮಾಣ ಮಾಡುವುದಿಲ್ಲ. ಹ್ವಾಂಗ್ ಹ್ಯೊನ್ ಕೇಳಿದ್ದನ್ನು ಬರೆದವನು. ಆದರೆ ಮನೆ ಕಿಮ್ ಕೈಯಿಂದ ದೇವೊನ್‌ಗುನ್ ಕೈಗೆ ಹೋದದ್ದು ನಿಜ. ಯಾವ ಕತ್ತಿಯನ್ನೂ ಎತ್ತದೆ, ಮರ್ಯಾದೆಯನ್ನೇ ಬಲೆಯಾಗಿ ಬೀಸಿ ಮನೆ ಹಿಡಿದ ಈ ಕಥೆಯನ್ನು ತಿಳಿದುಕೊಂಡು ಒಳಗೆ ಹೋದರೆ, ದೊರೆ ತಂಗುತ್ತಿದ್ದನೆನ್ನುವ ಗುಡ್ಡದ ಮೇಲಿನ ಬೇರೆ ಕೋಣೆಯನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಈ ದೇವೊನ್‌ಗುನ್ ಒಳ್ಳೆಯವನೋ ಕೆಟ್ಟವನೋ?

ಕೊರಿಯಾದವರೇ ಇನ್ನೂ ಜಗಳ ಆಡುವ ವಿಷಯ ಇದು. 1864ರಿಂದ 1873ರವರೆಗೆ ಮಗನ ಹೆಸರಿನಲ್ಲಿ ರಾಜ್ಯ ನಡೆಸಿದ. ಕಿಮ್ ಮನೆತನದ ಬೇರು ಕಿತ್ತ. ಊರೂರಲ್ಲಿ ತೆರಿಗೆ ಕೊಡದೆ ಬೆಳೆದು ನಿಂತಿದ್ದ ಖಾಸಗಿ ವಿದ್ಯಾಲಯಗಳಲ್ಲಿ 47ನ್ನು ಉಳಿಸಿ ಉಳಿದವನ್ನೆಲ್ಲ ಮುಚ್ಚಿಸಿದ. ಜಪಾನೀಯರ ದಾಳಿಯ ಕಾಲದಲ್ಲಿ, 1592ರಲ್ಲಿ, ಸುಟ್ಟು ಪಾಳುಬಿದ್ದಿದ್ದ ಗ್ಯೊಂಗ್‌ಬೊಕ್‌ಗುಂಗ್ ಅರಮನೆಯನ್ನು ಮತ್ತೆ ಕಟ್ಟಿಸಿದ. ಅದರ ಖರ್ಚಿಗೆಂದು ಒಂದಕ್ಕೆ ನೂರರ ಬೆಲೆ ಹೇಳುವ ನಾಣ್ಯ ಟಂಕಿಸಿ ಜನರ ಹೊಟ್ಟೆಯ ಮೇಲೆ ಹೊಡೆದ. ಪರದೇಶದವರಿಗೆ ಬಾಗಿಲು ಮುಚ್ಚಿ, 1871ರಲ್ಲಿ ಅದನ್ನು ಕಲ್ಲಿನಲ್ಲಿ ಕೆತ್ತಿಸಿ ದೇಶದಾದ್ಯಂತ ನಿಲ್ಲಿಸಿದ.

ನನಗೆ ಆಸಕ್ತಿ ಇರುವುದು ಅವನ ಇನ್ನೊಂದು ಮುಖದಲ್ಲಿ. ಅವನು ಆರ್ಕಿಡ್ ಬರೆಯುತ್ತಿದ್ದ. ನಮ್ಮ ಮಲೆನಾಡಿನ ಸೀತಾಳೆಯಂತೆ ಹೂವಿನ ದಂಡೆ ತೂಗುವ ಆರ್ಕಿಡ್ ಅಲ್ಲ, ಹುಲ್ಲಿನಂಥ ಉದ್ದ ಎಲೆಯ, ಹೂವೇ ಮುಖ್ಯವಲ್ಲದ ಆರ್ಕಿಡ್. ಕಪ್ಪು ಮಸಿ, ಒಂದೇ ಕುಂಚ. ಎಲೆಯನ್ನು ಒಂದೇ ಉಸಿರಿನಲ್ಲಿ ಎಳೆಯಬೇಕು, ತಿದ್ದುವ ಹಾಗಿಲ್ಲ. ಅವನ ಗುರು ಚುಸಾ ಎಂಬ ಕಾವ್ಯನಾಮದ ಕಿಮ್ ಜಂಗ್‌ಹೀ, ಆ ಶತಮಾನದ ಅತಿ ದೊಡ್ಡ ಲಿಪಿಕಾರ. 'ಸೊಕ್‌ಪಾನ ಆರ್ಕಿಡ್' ಎಂಬುದು ಇಂದಿಗೂ ಕೊರಿಯಾದ ಚಿತ್ರಲೋಕದಲ್ಲಿ ಒಂದು ಪದ. 1882ರಲ್ಲಿ ಸೈನಿಕರ ದಂಗೆಯ ನಂತರ ಚೀನೀಯರು ಅವನನ್ನೇ ಹಿಡಿದುಕೊಂಡು ಹೋಗಿ ಮೂರು ವರ್ಷ ಸೆರೆಯಲ್ಲಿ ಇಟ್ಟರು. ಅಲ್ಲಿಯೂ ಅವನು ಆರ್ಕಿಡ್ ಬರೆದ. ಅಧಿಕಾರ ಹೋದ ಮೇಲೂ ಅವನ ಕೈಯಲ್ಲಿ ಉಳಿದದ್ದು ಅದೊಂದೇ. ಕಲೆ ಈ ಮನೆಗೆ 2012ರಲ್ಲಿ ಬಂತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪದಿರುವುದು ಇದಕ್ಕೇ.

ಈಗ ಏನೇನು ಉಳಿದಿದೆ?

ಮೊದಲು ಏಳೆಂಟು ಕಟ್ಟಡಗಳಿದ್ದವು. ಈಗ ಜಾಗದಲ್ಲಿರುವುದು ನಾಲ್ಕು.

ಸರಾಂಗ್‌ಚೆ, ಅಂದರೆ ಗಂಡಸರ ಹಜಾರದ ಮನೆ: ಯಜಮಾನ ಕೂರುವ, ಬಂದವರನ್ನು ಮಾತಾಡಿಸುವ ಭಾಗ. ದೇವೊನ್‌ಗುನ್ ಇರುತ್ತಿದ್ದದ್ದು ಇಲ್ಲಿ. ಆನ್‌ಚೆ, ಹೆಂಗಸರ ಒಳಮನೆ: ನಾಲ್ಕು ಕಡೆ ಕೋಣೆ, ನಡುವೆ ಬಯಲು ಅಂಗಳ. ತೊಟ್ಟಿಮನೆಯಲ್ಲಿ ಬೆಳೆದವರಿಗೆ ಇದರ ನಕ್ಷೆಯನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ಇದು ಚಳಿಯ ದೇಶದ ಮನೆ. ಮಲಗುವ ಕೋಣೆಯ ನೆಲದ ಕೆಳಗೆ ಒಲೆಯ ಬಿಸಿ ಗಾಳಿ ಮತ್ತು ಹೊಗೆ ಹರಿಯಲು ಕಾಲುವೆ ಇರುತ್ತದೆ, ಅದೇ ಓಂದೊಲ್. ಪಕ್ಕದ ಹಲಗೆಯ ಜಗಲಿ ಬೇಸಿಗೆಗೆ. ಒಂದೇ ಸೂರಿನಡಿ ಎರಡು ಋತುಗಳ ಮನೆ.

ಮೂರನೆಯದು ಬ್ಯೊಲ್‌ಚೆ, ಬೇರೆ ಮನೆ. ಉಳಿದವುಗಳಿಗಿಂತ ಎತ್ತರದಲ್ಲಿದೆ, ಅದಕ್ಕೆ ಹೋಗುವ ದಾರಿಯೂ ಬೇರೆ. ಗೋಜೊಂಗ್ ಬಂದಾಗ ತಂಗುತ್ತಿದ್ದದ್ದು ಇಲ್ಲಿ ಎನ್ನುತ್ತಾರೆ. ನಾಲ್ಕನೆಯದು ಹಳ್ಳದ ಮೇಲಿನ ಮಂಟಪ, ಅದಕ್ಕೆ ಬೇರೆ ಉತ್ತರವೇ ಬೇಕು.

ಗೋಡೆಗಳನ್ನು ಮರೆಯಬೇಡಿ. ಇಟ್ಟಿಗೆಯಲ್ಲೇ ಚಿತ್ತಾರ ಮೂಡಿಸಿದ 'ಹೂಗೋಡೆ'ಗಳು ಇಲ್ಲಿ ಇವೆ. ಎಲ್ಲರೂ ಸೂರಿನ ಕಡೆ ನೋಡುತ್ತಾರೆ, ಗೋಡೆ ಕಣ್ಣಿಗೆ ಬೀಳುವುದೇ ಇಲ್ಲ.

ಹಳ್ಳದ ಮೇಲಿನ ಮಂಟಪ ಯಾಕೆ ಕೊರಿಯಾದ್ದಾಗಿ ಕಾಣುವುದಿಲ್ಲ?

ಅದು ಚೀನಾದ ಚಿಂಗ್ ಕಾಲದ ಶೈಲಿಯದು. ಕೊರಿಯಾದ ಮಂಟಪಗಳಲ್ಲಿ ಸಾಮಾನ್ಯವಾಗಿ ಮರದ ಹಲಗೆಯ ನೆಲ, ಚಪ್ಪಲಿ ಬಿಟ್ಟು ಹತ್ತಿ ಕೂರುವುದು. ಇದರ ನೆಲ ಗ್ರಾನೈಟ್ ಕಲ್ಲು, ಸೂರಿಗೆ ತಾಮ್ರದ ತಗಡು, ಅಲ್ಲಿಗೆ ಹೋಗಲು ಕಲ್ಲಿನ ಸೇತುವೆ. ಕೂರುವ ಮಂಟಪವಲ್ಲ, ನಿಂತು ನೋಡುವ ಮಂಟಪ. ಅದರ ಹೆಸರು ಉದ್ದ: 'ಹರಿವ ನೀರಿನ ಸದ್ದಿನ ನಡುವೆ ಮೇಪಲ್ ಎಲೆಗಳನ್ನು ನೋಡುವ ಮಹಡಿ'. ಹೆಸರಲ್ಲೇ ಕಿವಿಗೂ ಕೆಲಸ, ಕಣ್ಣಿಗೂ ಕೆಲಸ. ಕಿಮ್ ಹುಂಗ್‌ಗುನ್ ಚೀನಾದಿಂದ ಕೆಲಸಗಾರನನ್ನು ಕರೆಸಿ ಕಟ್ಟಿಸಿದ ಎಂಬ ಮಾತಿದೆ.

ಮಳೆ ಇಲ್ಲದ ತಿಂಗಳಲ್ಲಿ ಹಳ್ಳ ಸಣ್ಣಗೆ ಒಸರುತ್ತಿರುತ್ತದೆ. ಆಗ ಬಂದು ಬೇಸರಪಟ್ಟವರನ್ನು ನೋಡಿದ್ದೇನೆ. ಜುಲೈ ಮಳೆಯಲ್ಲಿ ನೀರಿನ ಸದ್ದು ಹೆಸರಿಗೆ ತಕ್ಕಂತೆ ಇರುತ್ತದೆ, ಆದರೆ ಆಗ ಮೇಪಲ್ ಹಸಿರು. ಎರಡೂ ಒಟ್ಟಿಗೆ ಬೇಕೆಂದರೆ ಅಕ್ಟೋಬರ್ ಕೊನೆಯಲ್ಲೋ ನವೆಂಬರ್ ಮೊದಲಲ್ಲೋ ಒಂದು ಮಳೆ ಸುರಿದ ಮರುದಿನ ಹೋಗಬೇಕು. ನನಗೆ ಅದು ಒಮ್ಮೆ ಮಾತ್ರ ಸಿಕ್ಕಿದೆ.

ಆಸರೆಗಂಬ ಕೊಟ್ಟು ನಿಲ್ಲಿಸಿರುವ ಆ ಮರ ಯಾವುದು?

ಪೈನ್. ಆರು ನೂರು ವರ್ಷಕ್ಕೂ ಹೆಚ್ಚು ವಯಸ್ಸು ಎಂದು ಅಂದಾಜು. 'ಚೊನ್‌ಸೆಸೊಂಗ್', ಸಾವಿರ ವರ್ಷದ ಪೈನ್ ಎಂದು ಕರೆಯುತ್ತಾರೆ. ನೆಟ್ಟಗೆ ಬೆಳೆದ ಮರವಲ್ಲ. ಕೊಂಬೆಗಳು ಅಡ್ಡಡ್ಡ ಹರಡಿ, ಒಂದು ಮರವೇ ಚಪ್ಪರವಾಗಿದೆ. ಮನೆ ಕಟ್ಟುವಾಗ ಅದಾಗಲೇ ಮುದಿ ಮರ. ಕಿಮ್ ಹೋದ, ದೇವೊನ್‌ಗುನ್ ಹೋದ, ರಾಜವಂಶ ಹೋಯಿತು, ಈ ಮರ ನೆರಳು ಕೊಡುತ್ತಲೇ ಇದೆ. ಕೆಳಗೆ ನಿಂತು ಮೇಲೆ ನೋಡಿ. ಕಾಂಡದ ಕೆಂಪು, ಸೂಜಿ ಎಲೆಗಳ ನಡುವೆ ಬೀಳುವ ಬೆಳಕು, ಫೋಟೋದಲ್ಲಿ ಹಿಡಿಯಲು ನನಗೆ ಇವತ್ತಿನವರೆಗೂ ಆಗಿಲ್ಲ.

ಆನೆ ಬಂಡೆ ಎಲ್ಲಿದೆ? ಮಕ್ಕಳು ಕೇಳುತ್ತಿದ್ದಾರೆ.

ತೋಟದ ಹಿಂಭಾಗದ ಕಾಲುದಾರಿಯಲ್ಲಿ ಮೇಲಕ್ಕೆ ಹೋದರೆ ಸಿಗುತ್ತದೆ. ದೊಡ್ಡ ಹಾಸುಬಂಡೆ, ಒಂದು ಕಡೆಯಿಂದ ಆನೆಯ ಮುಖದ ಹಾಗೆ ಕಾಣುತ್ತದೆ. ಮಕ್ಕಳಿಲ್ಲದ ದಂಪತಿ ಇಲ್ಲಿ ಬೇಡಿಕೊಂಡು ಮಗು ಪಡೆದರೆಂಬ ಕಥೆ ಇದೆ, ಹಾಗಾಗಿ ಹರಕೆ ಹೊರುವವರೂ ಬರುತ್ತಾರೆ. ನಮ್ಮ ಮಕ್ಕಳು ಸೊಂಡಿಲನ್ನು ದೊಡ್ಡವರಿಗಿಂತ ಬೇಗ ಗುರುತಿಸುತ್ತಾರೆ. ಅದೇ ಸುತ್ತಿನಲ್ಲಿ ಸಿಲ್ಲಾ ಎಂಬ ಪ್ರಾಚೀನ ರಾಜ್ಯದ ಕಾಲದ ಮೂರು ಅಂತಸ್ತಿನ ಕಲ್ಲಿನ ಸ್ತೂಪವೂ ಇದೆ. ಅದು ಇಲ್ಲಿನದಲ್ಲ, ಗ್ಯೊಂಗ್‌ಜು ಕಡೆಯಿಂದ ತಂದು ನಿಲ್ಲಿಸಿದ್ದು.

ಹತ್ತಿರದ ಹೋಟೆಲೊಂದರಲ್ಲೂ 'ದೇವೊನ್‌ಗುನ್‌ನ ಮನೆ' ಇದೆಯಂತೆ. ಯಾವುದು ಅಸಲಿ?

ಎರಡೂ ಅಸಲಿಯೇ. ಈ ಪ್ರಶ್ನೆಯನ್ನು ಯಾರಾದರೂ ಕೇಳಿದರೆ ನನಗೆ ಖುಷಿ, ಏಕೆಂದರೆ ಇದರ ಹಿಂದೆ ಒಬ್ಬ ದೊಡ್ಡ ಮನುಷ್ಯನಿದ್ದಾನೆ.

ಸೊಕ್‌ಪಾಜಂಗ್‌ನ ಒಂದು ಕಟ್ಟಡವನ್ನು 1958ರಲ್ಲಿ ಬಿಚ್ಚಿ, ಹತ್ತಿರದ ಹೊಂಗ್‌ಜಿದೊಂಗ್‌ಗೆ ಒಯ್ದು ಮತ್ತೆ ಜೋಡಿಸಿದರು. ಒಯ್ದವರು ಲಿಪಿಕಾರ ಸೊನ್ ಜೆಹ್ಯೊಂಗ್, ತಮ್ಮ ಮನೆಯ ಅಂಗಳಕ್ಕೆ. ಈಗ ಆ ಜಾಗ ಸೊಕ್‌ಪಾರಾಂಗ್ ಎಂಬ ಕೊರಿಯನ್ ಊಟದ ಹೋಟೆಲು. ಆ ಕಟ್ಟಡಕ್ಕೂ ನಗರದ ಸಂರಕ್ಷಣೆ ಇದೆ.

ಸೊನ್ ಜೆಹ್ಯೊಂಗ್ ಯಾರೆಂದು ಗೊತ್ತಾಗಬೇಕಾದರೆ ದೇವೊನ್‌ಗುನ್‌ನ ಗುರುವಿನ ಬಳಿಗೆ ಹೋಗಬೇಕು. ಕಿಮ್ ಜಂಗ್‌ಹೀ ಜೇಜು ದ್ವೀಪಕ್ಕೆ ಗಡೀಪಾರಾಗಿದ್ದಾಗ, 1844ರಲ್ಲಿ, ಒಂದು ಚಿತ್ರ ಬರೆದರು. ಹೆಸರು 'ಸೆಹಾಂದೊ', ಚಳಿಗಾಲದ ಚಿತ್ರ. ಒಂದು ಬಡ ಮನೆ, ಕೆಲವು ಪೈನ್ ಮತ್ತು ಸೈಪ್ರಸ್ ಜಾತಿಯ ಮರಗಳು, ಉಳಿದದ್ದೆಲ್ಲ ಖಾಲಿ ಕಾಗದ. ಅಧಿಕಾರ ಹೋದ ಮೇಲೂ ಕೈಬಿಡದೆ ಚೀನಾದಿಂದ ಪುಸ್ತಕ ತಂದುಕೊಡುತ್ತಿದ್ದ ಶಿಷ್ಯ ಯೀ ಸಾಂಗ್‌ಜೊಕ್‌ಗೆ ಬರೆದುಕೊಟ್ಟದ್ದು. ಆ ಚಿತ್ರ ಕೈ ದಾಟಿ ದಾಟಿ ಜಪಾನಿನ ವಿದ್ವಾಂಸ ಫುಜಿತ್ಸುಕಾ ಬಳಿ ಸೇರಿತ್ತು. 1944ರಲ್ಲಿ, ಟೋಕಿಯೋ ಮೇಲೆ ಬಾಂಬಿನ ಭಯ ಕವಿದಿದ್ದಾಗ, ಸೊನ್ ಜೆಹ್ಯೊಂಗ್ ಅಲ್ಲಿಗೇ ಹೋಗಿ, ಹಾಸಿಗೆ ಹಿಡಿದಿದ್ದ ಫುಜಿತ್ಸುಕಾರ ಮನೆಗೆ ದಿನವೂ ಹೋಗಿ ಬೇಡಿದರು. ಕೊನೆಗೆ ಆತ ಹಣ ತೆಗೆದುಕೊಳ್ಳದೆ ಕೊಟ್ಟುಬಿಟ್ಟರು. ಕೆಲವೇ ತಿಂಗಳಲ್ಲಿ ಬಾಂಬ್ ದಾಳಿಗೆ ಫುಜಿತ್ಸುಕಾರ ಸಂಗ್ರಹದ ಬಹುಪಾಲು ಸುಟ್ಟುಹೋಯಿತು. ಸೆಹಾಂದೊ ಇಂದು ಕೊರಿಯಾದ ರಾಷ್ಟ್ರೀಯ ಸಂಪತ್ತು, ಸೋಲ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಗುರುವಿನ ಪೈನ್ ಚಿತ್ರವನ್ನು ಉಳಿಸಿದ ಕೈಯೇ ಶಿಷ್ಯನ ಮನೆಯ ಒಂದು ತುಂಡನ್ನೂ ಎತ್ತಿಕೊಂಡಿತು. ಒಂದು ಮನೆಯನ್ನು ಒಡೆದು ಬೇರೆ ಕಡೆ ಒಯ್ಯುವುದು ಸರಿಯೇ ಎಂದು ಕೇಳಬಹುದು. ಈಗ ಯಾರೂ ಹಾಗೆ ಮಾಡಬಾರದು, ಮಾಡಲು ಬಿಡುವುದೂ ಇಲ್ಲ. ಆದರೆ ಯುದ್ಧ ಮುಗಿದು ಐದೇ ವರ್ಷವಾಗಿದ್ದ, ಮರವೆಂದರೆ ಸೌದೆಯಾಗಿದ್ದ ನಗರದಲ್ಲಿ ಅದನ್ನು ಬೆಲೆಯುಳ್ಳದ್ದೆಂದು ಕಂಡ ಕಣ್ಣಿಗೆ ನಾನು ಕೈಮುಗಿಯುತ್ತೇನೆ.

ರಾಜರ ಕಾಲ ಮುಗಿದ ಮೇಲೆ ಈ ಮನೆ ಏನಾಯಿತು?

ದೇವೊನ್‌ಗುನ್‌ನ ವಂಶದವರ ಕೈಯಲ್ಲಿ ಸುಮಾರು ಐವತ್ತು ವರ್ಷ ಇತ್ತು. ಕೊರಿಯಾ ಯುದ್ಧದ ನಂತರ ಅನಾಥಾಲಯವಾಯಿತು. ರಾಜನಿಗಾಗಿ ಕಸಿದುಕೊಂಡ ಮನೆ ತಂದೆತಾಯಿ ಇಲ್ಲದ ಮಕ್ಕಳಿಗೆ ಸೂರಾಯಿತು. ಆಮೇಲೆ ಖಾಸಗಿಯವರ ಕೈಗೆ ಹೋಗಿ, ಹೊರಗಿನವರಿಗೆ ನೋಡಲು ಸಿಗದ ಜಾಗವಾಗಿ ವರ್ಷಗಟ್ಟಲೆ ಉಳಿಯಿತು. ಹರಾಜಿಗೂ ಬಂತು. ಅದನ್ನು ಕೊಂಡವರು ಆನ್ ಬ್ಯೊಂಗ್‌ಗ್ವಾಂಗ್ ಎಂಬ ಔಷಧ ವ್ಯಾಪಾರಿ. ಕೆಳಗೆ ಸಂಗ್ರಹಾಲಯ ಕಟ್ಟಿಸಿ ಮನೆಯನ್ನೂ ತೋಟವನ್ನೂ ಜನರಿಗೆ ತೆರೆದರು.

ಒಬ್ಬ ಔಷಧ ವ್ಯಾಪಾರಿಗೆ ಚಿತ್ರದ ಹುಚ್ಚು ಹೇಗೆ ಹಿಡಿಯಿತು?

ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡ ಸಂಗತಿ. 1983ರಲ್ಲಿ ಔಷಧ ಮಾರುವ ಸೇಲ್ಸ್‌ಮನ್ ಆಗಿದ್ದಾಗ ಮಳೆಗೆ ಸಿಕ್ಕಿ ಒಂದು ಚಿತ್ರದಂಗಡಿಯ ಸೂರಿನಡಿ ನಿಂತರು. ಗಾಜಿನ ಹಿಂದೆ ಯೀ ಜುಂಗ್‌ಸೊಪ್ ಬರೆದ 'ಹ್ವಾಂಗ್‌ಸೊ', ಹೋರಿಯ ಚಿತ್ರದ ಅಚ್ಚಿನ ಪ್ರತಿ ಇತ್ತು. 7,000 ವೊನ್ ಕೊಟ್ಟು ಕೊಂಡು ಹೆಂಡತಿಗೆ ಕೊಟ್ಟು, ಮುಂದೊಂದು ದಿನ ಇದರ ಮೂಲ ಚಿತ್ರವನ್ನೇ ತಂದುಕೊಡುತ್ತೇನೆ ಎಂದರಂತೆ. 2010ರ ಹರಾಜಿನಲ್ಲಿ 356 ಕೋಟಿ ವೊನ್‌ಗೆ ಅದನ್ನು ಕೊಂಡರು. ಸಂಗ್ರಹಾಲಯದ ಮೊದಲ ಪ್ರದರ್ಶನವೂ ಯೀ ಜುಂಗ್‌ಸೊಪ್‌ನನ್ನೇ ಕುರಿತದ್ದು.

ಯೀ ಜುಂಗ್‌ಸೊಪ್ ಬದುಕಿದ್ದು 1916ರಿಂದ 1956ರವರೆಗೆ ಮಾತ್ರ. ಯುದ್ಧದಲ್ಲಿ ಉತ್ತರದಿಂದ ಓಡಿ ಬಂದವನು. ಜಪಾನಿನ ಹೆಂಡತಿ, ಇಬ್ಬರು ಮಕ್ಕಳನ್ನು ಬಡತನ ತಾಳಲಾರದೆ 1952ರಲ್ಲಿ ಜಪಾನಿಗೆ ಕಳಿಸಿ ಒಂಟಿಯಾದ. ಕಾಗದ ಕೊಳ್ಳಲು ಕಾಸಿಲ್ಲದೆ ಸಿಗರೇಟು ಪೊಟ್ಟಣದ ಬೆಳ್ಳಿ ತಗಡಿನ ಮೇಲೆ ಗೀರಿ ಮಕ್ಕಳು, ಏಡಿ, ಮೀನು ಬರೆದ. ಅವನ ಹೋರಿಗಳು ದಪ್ಪ, ಬಿರುಸು ಗೆರೆಗಳಲ್ಲಿ ಎಲುಬು ಸ್ನಾಯುಗಳೆಲ್ಲ ಎದ್ದು ಕಾಣುವ ಹೋರಿಗಳು. ಉಳುಮೆ ಕಂಡವರಿಗೆ ಆ ಕತ್ತು ಬಿಗಿಯುವ ಬಗೆ ಗೊತ್ತು. ನೊಗದ ಭಾರ ಕಾಣದಿದ್ದರೂ ಅಲ್ಲಿ ಅದು ಇದೆ ಅನಿಸುತ್ತದೆ.

ಹಾಗಾದರೆ ಹೋದ ದಿನ ಆ ಹೋರಿ ನೋಡಬಹುದೇ?

ಖಾತ್ರಿ ಇಲ್ಲ. ಕಾಗದದ ಮೇಲಿನ ಹಳೆಯ ಚಿತ್ರಗಳನ್ನು ಬೆಳಕಿಗೆ ಸದಾ ಒಡ್ಡಿಡಲು ಆಗುವುದಿಲ್ಲ. ಪ್ರದರ್ಶನಗಳೂ ಕೆಲವು ತಿಂಗಳಿಗೊಮ್ಮೆ ಬದಲಾಗುತ್ತವೆ. ಇಲ್ಲಿ ಹದಿನಾರನೆಯ ಶತಮಾನದ ಕಲಾವಿದೆ ಶಿನ್ ಸಾಯಿಮ್‌ದಾಂಗ್‌ಳ ಹುಲ್ಲು-ಹುಳುಗಳ ಚಿತ್ರದಿಂದ ಹಿಡಿದು ಈಗಿನ ಯುವ ಕಲಾವಿದರ ಕೆಲಸದವರೆಗೆ ತೋರಿಸಿದ್ದಾರೆ. ಹೋಗುವ ಮುಂಚೆ ಸಂಗ್ರಹಾಲಯದ ಜಾಲತಾಣದಲ್ಲಿ ಏನು ನಡೆಯುತ್ತಿದೆ ನೋಡಿ. ನಿಮಗೆ ಇಷ್ಟವಾಗದ ಪ್ರದರ್ಶನವೇ ಇದ್ದರೂ ಹೋಗಿ. ಮನೆ ಮತ್ತು ಮರ ಅಲ್ಲಿಯೇ ಇರುತ್ತವೆ.

ಟಿಕೆಟ್ ಎಷ್ಟು, ಯಾವಾಗ ತೆರೆದಿರುತ್ತದೆ?

ಟಿಕೆಟ್ ಇದೆ, ದರ ಪ್ರದರ್ಶನಕ್ಕೆ ತಕ್ಕಂತೆ ಬದಲಾಗುತ್ತದೆ. ಸೋಮವಾರ ಮತ್ತು ಮಂಗಳವಾರ ರಜೆ. ಗ್ಯೊಂಗ್‌ಬೊಕ್‌ಗುಂಗ್ ಅರಮನೆಗೂ ಮಂಗಳವಾರವೇ ರಜೆ, ಹಾಗಾಗಿ ಎರಡನ್ನೂ ಒಂದೇ ದಿನ ನೋಡುವವರು ಬುಧವಾರದ ನಂತರ ಇಟ್ಟುಕೊಳ್ಳಿ. ಮಳೆ, ಹಿಮ ಜೋರಾದರೆ ಮೇಲಿನ ತೋಟವನ್ನು ಮುಚ್ಚುವುದುಂಟು. ಹಿಂದಿನ ಸಂಜೆ ಜಾಲತಾಣ ನೋಡುವುದೇ ಸರಿಯಾದ ದಾರಿ.

ಹೇಗೆ ಹೋಗಬೇಕು?

ಮೆಟ್ರೋ ಇಲ್ಲಿಯವರೆಗೆ ಬರುವುದಿಲ್ಲ. ಮೂರನೆಯ ಲೈನಿನ ಗ್ಯೊಂಗ್‌ಬೊಕ್‌ಗುಂಗ್ ನಿಲ್ದಾಣದಲ್ಲಿ ಇಳಿದು, 3ನೇ ನಿರ್ಗಮನದ ಹೊರಗೆ ಬುಆಮ್‌ದೊಂಗ್ ಕಡೆಯ ಸಿಟಿ ಬಸ್ ಹತ್ತಿ. ಇಳಿಯುವ ಸ್ಟಾಪಿನ ಹೆಸರಲ್ಲೇ ಜಹಾಮುನ್ ಸುರಂಗವೂ ಸೊಕ್‌ಪಾಜಂಗ್ ಕೂಡ ಇದೆ. ಬಸ್ಸು, ಮೆಟ್ರೋಗೆ ಹಣ ತುಂಬಿಸಿಡುವ ಟಿ-ಮನಿ ಕಾರ್ಡ್ ಇರಲಿ, ಇಳಿಯುವಾಗಲೂ ಅದನ್ನು ಯಂತ್ರಕ್ಕೆ ತೋರಿಸಬೇಕು. ದಾರಿ ಹುಡುಕಲು ನೇವರ್ ಮ್ಯಾಪ್ ಹಾಕಿಕೊಳ್ಳಿ, ಕೊರಿಯಾದಲ್ಲಿ ನಡಿಗೆಯ ದಾರಿಗೆ ಅದನ್ನೇ ನಂಬುವುದು ಒಳ್ಳೆಯದು.

ಮೊದಲು ಚಿತ್ರಗಳೋ, ಮೊದಲು ಮನೆಯೋ? ಎಷ್ಟು ಹೊತ್ತು ಬೇಕು?

ಮೂರು ಗಂಟೆ. ಒಂದು ಗಂಟೆಯಲ್ಲಿ ಮುಗಿಸಿಬರುವವರೂ ಇದ್ದಾರೆ, ಅವರು ನೋಡಿದ್ದು ಫೋನಿನ ಪರದೆಯನ್ನು. ನಾನು ಮೊದಲ ಸಲ ಸಂಜೆ ಹೋಗಿ, ಮೇಲೆ ಹತ್ತುವ ಹೊತ್ತಿಗೆ ಮುಚ್ಚುವ ಸಮಯವಾಗಿ ಅರ್ಧಕ್ಕೇ ಇಳಿಯಬೇಕಾಯಿತು. ಬೆಳಿಗ್ಗೆಯೇ ಹೋಗಿ. ಕೆಳಗಿನ ಚಿತ್ರಗಳನ್ನು ಮೊದಲು ನೋಡಿ, ಆಮೇಲೆ ಮೇಲೆ ಹೋಗಿ. ಕತ್ತಲ ಕೋಣೆಗಳಲ್ಲಿ ಗೆರೆ, ಬಣ್ಣ ನೋಡಿ ಹದಗೊಂಡ ಕಣ್ಣು ಹೊರಗೆ ಬಂದಾಗ ಪೈನ್ ಕೊಂಬೆಯನ್ನೂ ಗೆರೆಯಾಗಿಯೇ ನೋಡುತ್ತದೆ.

ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದೇ?

ಹೋಗಬಹುದು, ಆದರೆ ನಿಧಾನ. ಕಟ್ಟಡದೊಳಗೆ ಲಿಫ್ಟ್ ಇದೆ. ಹೊರಗಿನದು ಬೆಟ್ಟದ ತಪ್ಪಲು: ಏರು, ಮೆಟ್ಟಿಲು, ಕಲ್ಲುಮಣ್ಣಿನ ದಾರಿ. ಮಂಡಿ ನೋವಿದ್ದರೆ ಸರಾಂಗ್‌ಚೆ ಮತ್ತು ದೊಡ್ಡ ಪೈನ್ ಮರದವರೆಗೆ ಸಾಕು. ನನ್ನ ಅಮ್ಮ ಆ ಮರದ ಹತ್ತಿರವೇ ಮುಕ್ಕಾಲು ಗಂಟೆ ಕೂತಿದ್ದಳು. ನಾವು ಸುತ್ತು ಹಾಕಿ ಬರುವಷ್ಟರಲ್ಲಿ ಪಕ್ಕದಲ್ಲಿದ್ದ ಕೊರಿಯನ್ ಅಜ್ಜಿಯೊಬ್ಬರ ಜೊತೆ, ಒಬ್ಬರ ಭಾಷೆ ಒಬ್ಬರಿಗೆ ಬಾರದೆಯೇ, ಮೊಮ್ಮಕ್ಕಳ ಫೋಟೋ ಬದಲಾಯಿಸಿಕೊಳ್ಳುತ್ತಿದ್ದಳು.

ಮನೆಯ ಒಳಗೆ ಹೋಗಲು ಬಿಡುತ್ತಾರೆಯೇ?

ಸಾಮಾನ್ಯವಾಗಿ ಹೊರಗಿನಿಂದ ನೋಡುವುದು. ಜಗಲಿಯ ಮೇಲೆ ಕೂರುವ ಆಸೆಯಾಗುತ್ತದೆ, ಫಲಕ ನೋಡದೆ ಕೂರಬೇಡಿ. ಕಾಗದ ಹಚ್ಚಿದ ಬಾಗಿಲುಗಳಿಗೆ ಕೈ ತಾಗಿಸಬೇಡಿ, ಹಾಂಜಿ ಕಾಗದ ಬೆರಳಿಗೇ ಹರಿಯಬಹುದು. ಒಳಗಿನ ಪ್ರದರ್ಶನದಲ್ಲಿ ಫೋಟೋ ತೆಗೆಯಬಹುದೇ ಎಂಬುದು ಪ್ರದರ್ಶನದಿಂದ ಪ್ರದರ್ಶನಕ್ಕೆ ಬೇರೆ.

ಸಸ್ಯಾಹಾರಿಗಳಿಗೆ ಊಟ?

ಅನ್ನಕ್ಕೆ ತರಕಾರಿ ಕಲಸಿ ತಿನ್ನುವ ಬಿಬಿಂಬಾಪ್ ಕೇಳಿ, 'ಕೊಗಿ ಪ್ಪೆ ಜುಸೆಯೊ' ಅನ್ನಿ, ಮಾಂಸ ತೆಗೆದುಬಿಡಿ ಎಂದರ್ಥ. ಮೊಟ್ಟೆಯೂ ಬೇಡವಾದರೆ ಅದನ್ನೂ ಹೇಳಬೇಕು. ಕಿಮ್ಚಿಯಲ್ಲಿ ಹೆಚ್ಚಾಗಿ ಮೀನು ಅಥವಾ ಸಿಗಡಿಯ ಉಪ್ಪುರಸ ಇರುತ್ತದೆ, ಸಾರುಗಳಲ್ಲಿಯೂ ಒಣಮೀನು. ಕಟ್ಟುನಿಟ್ಟಿನವರು ಹೊಟ್ಟೆ ತುಂಬಿಸಿಕೊಂಡೇ ಹೊರಡುವುದು ವಾಸಿ.

ವೀಸಾ?

ಭಾರತದ ಪಾಸ್‌ಪೋರ್ಟ್ ಇದ್ದವರು ಸೋಲ್‌ಗೆ ಬರಲು ಮೊದಲೇ ವೀಸಾ ಮಾಡಿಸಬೇಕು. ಮೇಪಲ್ ಕಾಲಕ್ಕೆ ಬರುವವರು ತಡ ಮಾಡಬೇಡಿ.

ಅದೇ ದಿನ ಹತ್ತಿರದಲ್ಲಿ ಇನ್ನೇನು ನೋಡಬಹುದು?

ಗುಡ್ಡದ ಮೇಲೆ ಚಾಂಗುಇಮುನ್ ಇದೆ, ಹಳೆಯ ನಗರದ ಕೋಟೆಯ ಬಾಗಿಲು. ಅದರ ಹತ್ತಿರ ಕವಿ ಯುನ್ ದೊಂಗ್‌ಜುವಿನ ಸ್ಮಾರಕ, ನೀರೆತ್ತುವ ಹಳೆಯ ಪಂಪಿನ ಮನೆಯನ್ನೇ ಬದಲಾಯಿಸಿ ಮಾಡಿದ್ದು. ಚುಕ್ಕಿಗಳಲ್ಲಿ ಆಕಾಶ ಬರೆದ ಕಿಮ್ ಹ್ವಾಂಕಿಯ ಸಂಗ್ರಹಾಲಯವೂ ಬುಆಮ್‌ದೊಂಗ್‌ನಲ್ಲೇ ಇದೆ, ಅವನ ಹೆಂಡತಿ 1992ರಲ್ಲಿ ತೆರೆದದ್ದು. 1447ರಲ್ಲಿ ಆನ್‌ಪ್ಯೊಂಗ್ ರಾಜಕುಮಾರ ಕನಸಿನಲ್ಲಿ ಪೀಚ್ ಹೂಗಳ ಕಣಿವೆ ಕಂಡ, ಆನ್ ಗ್ಯೊನ್ ಎಂಬ ಚಿತ್ರಕಾರ ಅದನ್ನು ಬರೆದ. ಕನಸಿನ ಕಣಿವೆಯನ್ನು ಹೋಲುತ್ತದೆಂದು ರಾಜಕುಮಾರ ಮನೆ ಕಟ್ಟಿಕೊಂಡದ್ದು ಇದೇ ಬುಆಮ್‌ದೊಂಗ್‌ನಲ್ಲಿ. ಮನೆ ಉಳಿದಿಲ್ಲ, ಚಿತ್ರ ಈಗ ಜಪಾನಿನ ಒಂದು ವಿಶ್ವವಿದ್ಯಾಲಯದಲ್ಲಿದೆ.

ಒಂದನ್ನೇ ಆರಿಸು ಎಂದರೆ ನಾನು ಉನ್‌ಹ್ಯೊನ್‌ಗುಂಗ್ ಅನ್ನುತ್ತೇನೆ. ಅದು ಬುಆಮ್‌ದೊಂಗ್‌ನಲ್ಲಿಲ್ಲ, ಬಸ್ ಹತ್ತಿ ನಗರದ ನಡುವಿಗೆ ವಾಪಸು ಬರಬೇಕು. ದೇವೊನ್‌ಗುನ್‌ನ ಸ್ವಂತ ಮನೆ, ಗೋಜೊಂಗ್ ಚಿಕ್ಕಂದಿನಲ್ಲಿ ಬೆಳೆದ ಮನೆ, ಪ್ರವೇಶ ಉಚಿತ. ಅಲ್ಲಿನ ನೊಆನ್‌ದಾಂಗ್ ಎಂಬ ಹಜಾರದ ಬಾಗಿಲ ಮೇಲೆ ತಲೆಯೆತ್ತಿ ನೋಡಿ. ನಾಮಫಲಕದ ಅಕ್ಷರಗಳು ಗುರು ಕಿಮ್ ಜಂಗ್‌ಹೀಯ ಕೈಬರಹದಿಂದ ಆರಿಸಿ ಜೋಡಿಸಿದವು.